ಅಂಚು ಮಡಚದ ಕೌದಿ

ಟ್ರಂಕಿನ ಮುಚ್ಚಳ ಎತ್ತಿದ ಕೂಡಲೇ ಮೂಗಿಗೆ ಬಡಿದದ್ದು ಬೇವಿನ ಎಲೆಯ ಕಹಿ. ಹುಳ ಬೀಳದಿರಲೆಂದು ಅವ್ವ ಇಟ್ಟಿದ್ದ ಎಲೆಗಳು ಎಂದೋ ಒಣಗಿ ಪುಡಿಯಾಗಿದ್ದವು. ಆ ಕಹಿಯ ಹಿಂದಿನಿಂದ, ಏನೂ ಅವಸರವಿಲ್ಲದೆ, ಇನ್ನೊಂದು ವಾಸನೆ ಎದ್ದು ಬಂತು. ಹತ್ತಿಕಟ್ಟಿಗೆಯ ಹೊಗೆ, ಔಡಲೆಣ್ಣೆ ಹಚ್ಚಿದ ಮಕ್ಕಳ ತಲೆ, ಬಿಸಿಲಿಗೆ ಹಾಕಿ ತೆಗೆದ ಹಳೆಯ ನೂಲು, ಇಷ್ಟೂ ಕೂಡಿ ಆದ ವಾಸನೆ ಅದು. ಅದಕ್ಕೊಂದು ಹೆಸರಿಲ್ಲ. ಕೌದಿ ಹೊದ್ದು ಬೆಳೆದವರು ನೀವಾಗಿದ್ದರೆ ಹೆಸರು ಬೇಕಾಗಿಯೂ ಇಲ್ಲ. ಮುಚ್ಚಳ ಹಿಡಿದ ಕೈ ನೋಯುವವರೆಗೂ ಹಾಗೇ ಕೂತಿದ್ದೆ. ಈಚೆಗೆ ನನಗೆ ಕೂತಲ್ಲಿಂದ ಏಳುವುದೂ ಒಂದು ಕೆಲಸ, ಎದ್ದಮೇಲೆ ಮತ್ತೆ ಕೂಡುವುದೂ ಒಂದು ಕೆಲಸ. ಸರ್ಕಾರಿ ದವಾಖಾನೆಯಲ್ಲಿ ನರ್ಸಾಗಿ ವಾರ್ಡಿನಿಂದ ವಾರ್ಡಿಗೆ ಓಡಾಡಿ ಸವೆದ ಮೊಣಕಾಲು ಈಗ ಪಿಂಚಣಿಯ ಜೊತೆಗೆ ನೋವನ್ನೂ ತಪ್ಪದೆ ಕೊಡುತ್ತದೆ.

ಟ್ರಂಕು ತೆಗೆಸಿದವಳು ನನ್ನ ಮಗಳು ಶೈಲಾ. ನವಲಗುಂದದ ಶಾಲೆಯೊಂದರಲ್ಲಿ ಕಲಿಸುತ್ತಾಳೆ, ಈಚೆಗೆ ಅಲ್ಲೇ ಹೊಸ ಮನೆ ಕಟ್ಟಿಸಿದಳು. ಮನೆ ಚಂದವಿದೆ. ಉಣ್ಣಲು ದೊಡ್ಡ ಮೇಜು ಬಂದಿದೆ. ಆ ಮೇಜಿನ ನಡುವೆ ಈ ತುದಿಯಿಂದ ಆ ತುದಿಗೆ ಹಾಸುವ ಉದ್ದನೆಯ ಪಟ್ಟಿಯೊಂದು ಬೇಕಂತೆ, ಅದಕ್ಕೆ ಟೇಬಲ್ ರನ್ನರ್ ಅನ್ನುತ್ತಾರಂತೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಉಂಡು ದೊಡ್ಡವರಾದವರು ನಾವು. ಈಗ ಮೇಜಿಗೂ ಹೊದಿಕೆ, ಅದೂ ಮೇಜನ್ನು ಪೂರ್ತಿ ಮುಚ್ಚದ ಹೊದಿಕೆ! ನಾನು ಹೀಗೆಂದು ನಕ್ಕರೆ ಅವಳು ಫೋನಿನಲ್ಲೇ ಮುಖ ಉಬ್ಬಿಸಿದ್ದು ನನಗೆ ಕಂಡಿತು. "ಅಂಗಡ್ಯಾಗಿನದು ಯಾವುದೂ ಮನಸ್ಸಿಗೆ ಬರವಲ್ದಬೇ ಅವ್ವಾ. ನಿನ್ನ ಟ್ರಂಕಿನ್ಯಾಗ ನೀಲತ್ತಿ ಕೌದಿ ತುಂಡು ಐತೆಲ್ಲ, ಅದಕ್ಕ ಅಂಚು ಕಟ್ಟಿ ಕೊಡು. ಅಲ್ಲಿ ಸುಮ್ಮ ಬಿದ್ದು ಏನ್ ಮಾಡತೈತಿ ಅದು?" ಅವಳು ಕೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ಆ ತುಂಡಿನ ಅಂಚನ್ನು ನಮ್ಮ ಮನೆಯಲ್ಲಿ ಯಾರೂ ಇಂದಿನವರೆಗೆ ಮಡಚಿರಲಿಲ್ಲ, ಮಡಚಬಾರದೆಂದೇ ಮಡಚಿರಲಿಲ್ಲ. ಅದು ಶೈಲಾಗೆ ಗೊತ್ತಿಲ್ಲ. ಹೇಳಬೇಕೆಂದರೆ ಮನೆಯಿಂದಲೇ ಶುರುಮಾಡಬೇಕು.

ಅಣ್ಣಿಗೇರಿಯಿಂದ ಒಳಕ್ಕೆ ಹೋಗುವ ಎರೆಮಣ್ಣಿನ ದಾರಿಯಲ್ಲಿ ನಮ್ಮ ಊರು. ಮಣ್ಣಿನ ಮಾಳಿಗೆಯ ಮನೆ, ಒಳಗೆ ಹೋದರೆ ಉದ್ದಕ್ಕೆ ಪಡಸಾಲೆ, ಅದರಾಚೆ ದೇವರ ಜಗುಲಿ, ಅಡಿಗೆಮನೆ, ಹಿತ್ತಲು. ದೊಡ್ಡಪ್ಪ, ನಮ್ಮ ಅಪ್ಪ, ಕಾಕಾ, ಮೂವರು ಅಣ್ಣತಮ್ಮಂದಿರ ಸಂಸಾರಕ್ಕೂ ಒಂದೇ ಒಲೆ. ಆ ಮೂವರಿಗೂ ಹಿರಿಯವಳು ನೀಲತ್ತೆ. ಮದುವೆಯಾಗಿ ಬಹಳ ದಿನವಾಗುವುದರೊಳಗೆ ಗಂಡ ತೀರಿಕೊಂಡು ತವರಿಗೆ ಬಂದವಳು. ಬಂದ ವರ್ಷವೇ ಅವಳ ತಾಯಿಯೂ ಹೋದಳು. ಕಾಕಾ ಆಗ ತೊಟ್ಟಿಲಲ್ಲಿದ್ದನಂತೆ. ಮೂವರು ತಮ್ಮಂದಿರನ್ನು ಎತ್ತಿ ಆಡಿಸಿ, ಶಾಲೆಗೆ ಹಾಕಿ, ಮದುವೆ ಮಾಡಿ, ಕೊನೆಗೆ ಅವರ ಮಕ್ಕಳಾದ ನಮ್ಮನ್ನೂ ಅವಳೇ ಬೆಳೆಸಿದಳು. ಮಾತು ಕಡಿಮೆ, ಆಡಿದರೆ ಕಡ್ಡಿ ಮುರಿದಂತೆ. ಹಣೆಗೆ ವಿಭೂತಿ, ಸೊಂಟಕ್ಕೆ ಎಲೆಅಡಿಕೆಯ ಸಂಚಿ, ಎದೆಯ ಸೆರಗಿಗೆ ಯಾವಾಗಲೂ ಚುಚ್ಚಿಟ್ಟ ಒಂದು ಸೂಜಿ. ನಾವು ಓಡಿಹೋಗಿ ತಬ್ಬಿಕೊಳ್ಳುವಾಗ ಒಂದು ಕೈಯಿಂದ ಸೂಜಿ ಮುಚ್ಚಿ ಇನ್ನೊಂದು ಕೈಯಿಂದ ನಮ್ಮನ್ನು ಹಿಡಿಯುತ್ತಿದ್ದಳು.

ಬೇಸಿಗೆಯಲ್ಲಿ ಹೊಲದ ಕೆಲಸ ಮುಗಿದು, ಮೆಣಸಿನಕಾಯಿ ಚೀಲ ಹೊರಬಿದ್ದಮೇಲೆ, ಪಡಸಾಲೆಯಲ್ಲಿ ಕೌದಿ ಶುರುವಾಗುತ್ತಿತ್ತು. ವರ್ಷವಿಡೀ ಹರಿದ ಅರಿವೆಗಳನ್ನು ಅತ್ತೆ ಒಂದು ಗಂಟಿನಲ್ಲಿ ಕೂಡಿಡುತ್ತಿದ್ದಳು. ಅವ್ವನ ಇಲಕಲ್ಲ ಸೀರೆ, ದೊಡ್ಡಪ್ಪ ತಲೆಗೆ ಸುತ್ತುವ ಪಟಗ, ಕಾಕಾನ ಧೋತರ, ನಮ್ಮ ಶಾಲೆಯ ಅಂಗಿ, ಹಬ್ಬಕ್ಕೆ ಹೊಲಿಸಿ ಆರೇ ತಿಂಗಳಿಗೆ ಗಿಡ್ಡವಾದ ಲಂಗ. ನೆಲಕ್ಕೆ ಹಳೆ ಸೀರೆ ಹಾಸಿ, ಮೇಲೊಂದು, ಮೇಲೊಂದು ಪದರ ಹಾಕಿ, ನಾಲ್ಕು ಮೂಲೆಗೆ ತಕ್ಕಡಿಯ ಕಲ್ಲು ಇಟ್ಟು, ಮೊದಲು ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಪದರಗಳನ್ನು ಅಲುಗದಂತೆ ಹಿಡಿಸುವುದು. ಅದು ತಾತ್ಪೂರ್ತಿಕ ಹೊಲಿಗೆ, ಪಕ್ಕಾ ಹೊಲಿಗೆ ಬಿದ್ದಮೇಲೆ ಎಳೆದು ತೆಗೆಯುವಂಥದು. ಆಮೇಲೆ ಹೊರಗಿನ ಅಂಚಿನಿಂದ ಹಿಡಿದು ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುವುದು. ಒಂದು ಬಾಜು ದೊಡ್ಡವ್ವ, ಒಂದು ಬಾಜು ಅವ್ವ, ಇನ್ನೊಂದಕ್ಕೆ ಕಾಕಿ, ಉಳಿದ ಕಡೆ ಅತ್ತೆ. ನಾಲ್ವರೂ ನಾಲ್ಕು ಕಡೆಯಿಂದ ಹೊಲಿಯುತ್ತಾ ಸರಿಯುತ್ತಾ ಬಂದಂತೆ ಮೊಣಕಾಲಿಗೆ ಮೊಣಕಾಲು ತಾಗಿ ಜಗಳವೂ ಆಗುತ್ತಿತ್ತು, ನಗೆಯೂ ಬರುತ್ತಿತ್ತು. ಕಾಕಿಯ ಹೊಲಿಗೆ ಯಾವತ್ತೂ ಸೊಟ್ಟ. ಅತ್ತೆ ಬಿಚ್ಚಿಸುತ್ತಿರಲಿಲ್ಲ, "ಇರಲಿ ಬಿಡು, ಯಾರ ಕೈ ಅಂತ ಗುರ್ತು ಸಿಗತೈತಿ" ಎನ್ನುತ್ತಿದ್ದಳು.

ನಡುವಿನಲ್ಲಿ ಅಂಗೈಯಷ್ಟು ಜಾಗ ಹೊಲಿಯದೆ ಬಿಡುತ್ತಿದ್ದರು. ಅದು ಕೌದಿಯ ಹೊಟ್ಟೆ. ಅಂದು ಮನೆಯಲ್ಲಿ ಹೋಳಿಗೆಯಾಗಬೇಕು. ಹೋಳಿಗೆಯ ಒಂದು ಚೂರು, ರೊಟ್ಟಿಯ ಒಂದು ಚೂರು ಆ ಬಾಯಿಯೊಳಗೆ ಇಟ್ಟು, ಅರಿಷಿಣ ಕುಂಕುಮ ಏರಿಸಿ, ಆಮೇಲೇ ಮುಚ್ಚಿ ಹೊಲಿಯಬೇಕು. ಮುತ್ತೈದೆ ಮಾಡುವ ಶಾಸ್ತ್ರವೆಂದು ದೊಡ್ಡವ್ವ ಮುಂದೆ ಬರುತ್ತಿದ್ದಳು. ಅಷ್ಟು ದಿನ ಬೆನ್ನು ಬಾಗಿಸಿ ಹೊಲಿದ ಅತ್ತೆ ತಾನಾಗಿಯೇ ಕಂಬದ ಮರೆಗೆ ಸರಿದು ನಿಲ್ಲುತ್ತಿದ್ದಳು. "ಅದಕ್ಯಾಕ ಉಣಸ್ತಾರಬೇ ಅತ್ತಿ?" ಎಂದು ನಾನು ಕೇಳಿದರೆ, "ಹಸದ ಹೊಟ್ಟೀಲೆ ಇಟ್ಟರ ಹೊದ್ದವರ ನಿದ್ದಿ ತಿಂತೈತಿ" ಎಂದು ಕಣ್ಣು ದೊಡ್ಡದು ಮಾಡಿ ಹೆದರಿಸುತ್ತಿದ್ದಳು. ನನಗೆ ಮಾತ್ರ ಅವಳು ಆ ಕಂಬದ ಮರೆಗೆ ಹೋಗುವುದು ಕಂಡರೆ ಸಿಟ್ಟು ಬರುತ್ತಿತ್ತು. ಈಗಲೂ ಬರುತ್ತದೆ.

ಎಷ್ಟೋ ಕೌದಿಗಳಾದವು, ಹೋದವು. ಎಲ್ಲಕ್ಕಿಂತ ದೊಡ್ಡದು ನಮ್ಮದು, ಮಕ್ಕಳ ಕೌದಿ. ಪಡಸಾಲೆಯ ಉದ್ದಕ್ಕೂ ಸಾಲಾಗಿ ಮಲಗುವ ಮೂರೂ ಮನೆಯ ಮಕ್ಕಳಿಗೆ ಒಂದೇ ಹೊದಿಕೆಯಾಗಲೆಂದು ಅತ್ತೆ ಹಾಕಿದ್ದು. ಒಬ್ಬನೇ ಎತ್ತಲಾಗದಷ್ಟು ಭಾರ. ಚಳಿಗಾಲದಲ್ಲಿ ಅದರ ಕೆಳಗೆ ಸೇರಿಕೊಂಡರೆ ಮೈಮೇಲೆ ಮನೆಯವರೆಲ್ಲ ಕೈ ಇಟ್ಟಷ್ಟು ಬೆಚ್ಚಗೆ. ಯಾರ ಮುಖದ ಹತ್ತಿರ ಯಾವ ತ್ಯಾಪೆ ಬರುತ್ತದೆ ಎಂಬುದು ನಮಗೆ ಬಾಯಿಪಾಠ. ನನ್ನ ಪಾಲಿಗೆ ಅವ್ವನ ಹಸಿರು ಸೀರೆಯ ತುಂಡು, ಬಾಜೂಕೆ ದೊಡ್ಡಪ್ಪನ ಮಗ ಈರಣ್ಣನಿಗೆ ಯಾರದೋ ಗುಲಾಬಿ ಪಟಗ. ಅಂವ ರಾತ್ರಿಯೆಲ್ಲ ಕೌದಿ ಜಗ್ಗುತ್ತಿದ್ದ, ನಾನು ಒದೆಯುತ್ತಿದ್ದೆ. ಬೆಳಗ್ಗೆ ಅತ್ತೆ ಅದನ್ನು ಮಡಚುವಾಗ ಇಬ್ಬರು ಆ ತುದಿ ಹಿಡಿದುಕೊಳ್ಳಬೇಕಿತ್ತು.

ಪಾಲಾದದ್ದು ಯಾರ ತಪ್ಪಿನಿಂದ ಎಂದು ಹೇಳಲು ನನಗೆ ಬರುವುದಿಲ್ಲ. ಮಕ್ಕಳು ಬೆಳೆದರು, ಮಾತು ಬೆಳೆಯಿತು, ಒಂದೇ ಒಲೆ ಸಾಲದಾಯಿತು. ಹೊಲ ಹಂಚುವಾಗ ಮೂವರೂ ಒಂದು ಮಾತು ಜೋರಾಗಿ ಆಡಲಿಲ್ಲ. ಎತ್ತು, ಚಕ್ಕಡಿ, ಹಗೇವಿನ ಜೋಳ, ತಾಮ್ರದ ಹಂಡೆ ಎಲ್ಲ ಸುಸೂತ್ರವಾಗಿ ಮೂರು ಕಡೆ ಹೋದವು. ಊರ ಹಿರಿಯರು ಚಹಾ ಕುಡಿದು ಎದ್ದುಹೋದರು. ಪಡಸಾಲೆಯಲ್ಲಿ ಉಳಿದದ್ದು ಆ ಕೌದಿ ಒಂದೇ. ದೊಡ್ಡವ್ವ ತಮ್ಮ ಮಕ್ಕಳು ಹೆಚ್ಚು, ತಮಗೇ ಇರಲಿ ಅಂದಳು. ಕಾಕಿ ತನ್ನ ತವರಿನ ಸೀರೆಗಳು ಅದರೊಳಗಿವೆ ಅಂದಳು. ಅವ್ವ ಏನೋ ಹೇಳಲು ಹೋದಳು, ಅಪ್ಪ ಸುಮ್ಮನಿರು ಎಂದು ಗದರಿದ. ದೊಡ್ಡಪ್ಪ ಅಪ್ಪನಿಗೆ ಏನೋ ಅಂದ. ಹೊಲ ಬಿಟ್ಟುಕೊಟ್ಟವರು ಕೌದಿಯ ಸಲುವಾಗಿ ಒಬ್ಬರ ಅಂಗಿ ಒಬ್ಬರು ಹಿಡಿಯುವ ಮಟ್ಟಕ್ಕೆ ಬಂದರು. ಹುಡುಗರಾದ ನಾವು ಗೋಡೆಗೆ ಒತ್ತಿಕೊಂಡು ನಿಂತಿದ್ದೆವು. ತೊಟ್ಟಿಲಿನಿಂದ ತಾನೇ ಎತ್ತಿ ಬೆಳೆಸಿದ ಕಾಕಾ ಅಣ್ಣನ ಮೇಲೆ ಕೈ ಎತ್ತಿದ್ದನ್ನು ನೀಲತ್ತೆ ನೋಡಿದಳು.

ಅವಳು ಒಳಗೆ ಹೋಗಿ ಕತ್ತರಿ ತಂದಳು. ಅಷ್ಟು ಪದರ ಕತ್ತರಿಗೆ ಬಗ್ಗಲಿಲ್ಲ. ಮತ್ತೆ ಹೋಗಿ ಅಡಿಗೆಮನೆಯಿಂದ ಈಳಿಗೆ ತಂದು, ಅದರ ಮಣೆಯ ಮೇಲೆ ಕಾಲಿಟ್ಟು ಕೂತು, ಕೌದಿಯನ್ನು ಉದ್ದಕ್ಕೆ ಹಿಡಿದು ಕುಂಬಳಕಾಯಿ ಹೆಚ್ಚಿದಂತೆ ಮುಂದಕ್ಕೆ ದೂಡುತ್ತಾ ಹೋದಳು. ಬೇಡವೆನ್ನುವ ಧೈರ್ಯ ಯಾರಿಗೂ ಇರಲಿಲ್ಲ. ನೂಲು ಕರಕರ ಹರಿಯುವ ಸಪ್ಪಳವಷ್ಟೇ ಕೇಳುತ್ತಿತ್ತು. ಮೂರು ಉದ್ದನೆಯ ಪಟ್ಟಿಗಳಾದವು. ನಮ್ಮ ತಲೆಯ ಕಡೆಯದು ದೊಡ್ಡಪ್ಪನಿಗೆ, ಕಾಲ ಕಡೆಯದು ಕಾಕಾನಿಗೆ, ನಡುವಿನದು, ಹೊಟ್ಟೆಯಿದ್ದ ಭಾಗ, ನಡುವಿನವನಾದ ನಮ್ಮ ಅಪ್ಪನಿಗೆ. ಕೌದಿಯ ಹೊಲಿಗೆ ಸುತ್ತಿಕೊಂಡು ಹೋಗುವಂಥದು, ನಡುವೆ ಕೊಯ್ದರೆ ಪ್ರತಿ ಸುತ್ತಿನ ದಾರವೂ ಬಾಯಿ ಬಿಡುತ್ತದೆ. ನೋಡನೋಡುತ್ತಿದ್ದಂತೆ ಕೊಯ್ದ ಕಡೆ ಪದರಗಳು ಸಡಿಲಾಗತೊಡಗಿದವು. ಅತ್ತೆ ಸೆರಗಿನ ಸೂಜಿ ತೆಗೆದು, ಬಿಳಿ ದಾರ ಪೋಣಿಸಿ, ಕೊಯ್ದ ಅಂಚುಗಳಿಗೆಲ್ಲ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿದಳು. ಆಮೇಲೆ ಮೂವರು ತಮ್ಮಂದಿರಿಗೂ ಕೇಳುವಂತೆ ಹೇಳಿದಳು: "ಈ ಅಂಚು ಯಾರೂ ಮಡಚಿ ಹೊಲೀಬ್ಯಾಡ್ರಿ. ಮಡಚಿದರ ಮತ್ತ ಕೂಡೂದಿಲ್ಲ. ಹಿಂಗ ಇಟ್ಟುಕೊಳ್ರಿ. ನಿಮ್ಮ ಸಿಟ್ಟು ಇಳೀಲಿ, ನಾನ ಬಂದು ಕೂಡಿಸಿ ಹೊಲಕೊಡ್ತೀನಿ."

ಆಮೇಲೆ ಅವಳು ಬದುಕಿದ್ದು ಅದೊಂದಕ್ಕಾಗಿ. ನಾನು ಕಣ್ಣಾರೆ ಕಂಡದ್ದು ಇದು, ಬಣ್ಣ ಹಚ್ಚಿ ಹೇಳುತ್ತಿಲ್ಲ. ಅತ್ತೆಯನ್ನು ಯಾರು ಇಟ್ಟುಕೊಳ್ಳಬೇಕೆಂಬುದಕ್ಕೂ ಪಾಳಿ ಗೊತ್ತಾಯಿತು. ಕೆಲವು ತಿಂಗಳು ರಸ್ತೆಯ ಬಾಜು ಹೊಸ ಮನೆ ಕಟ್ಟಿದ ದೊಡ್ಡಪ್ಪನಲ್ಲಿ, ಕೆಲವು ತಿಂಗಳು ಹಳೆಯ ಮನೆಯಲ್ಲೇ ಉಳಿದ ನಮ್ಮಲ್ಲಿ, ಉಳಿದ ತಿಂಗಳು ಕುಂದಗೋಳಕ್ಕೆ ಹೋಗಿ ಕಿರಾಣಿ ಅಂಗಡಿ ಹಾಕಿದ ಕಾಕಾನಲ್ಲಿ. ಗಂಟು ಬಗಲಲ್ಲಿ ಇಟ್ಟುಕೊಂಡು ಬಸ್ಸಿನಿಂದ ಇಳಿದು ಬರುವಳು. ಕಾಲಿಗೆ ನೀರು ಹಾಕಿಕೊಂಡವಳೇ ಚಹಾಕ್ಕೂ ಕಾಯದೆ, "ಕೌದಿ ಎಲ್ಲೈತಿ?" ಎಂದು ಕೇಳುವಳು. ತಂದುಕೊಟ್ಟರೆ ಅಂಚಿನ ಮೇಲೆ ಬೆರಳಾಡಿಸಿ, ಎಲ್ಲಾದರೂ ಕಚ್ಚಾ ಹೊಲಿಗೆ ಕಿತ್ತಿದ್ದರೆ ಹಳೆಯ ದಾರ ತೆಗೆದು ಆ ಅಂಚಿಗೆ ಪೂರ್ತಿ ಒಂದೇ ಹೊಸ ದಾರ ಹಾಕಿ ಮಡಚಿಡುವಳು. ಆ ಮನೆಯಲ್ಲಿ ಈ ಮನೆಯ ಸುದ್ದಿ, ಈ ಮನೆಯಲ್ಲಿ ಆ ಮನೆಯ ಸುದ್ದಿ ಹೇಳುವಳು, ಒಳ್ಳೆಯದನ್ನಷ್ಟೇ. ನಮ್ಮ ಅಪ್ಪ ಕೇಳಿಯೂ ಕೇಳದವನ ಹಾಗೆ ಎದ್ದು ಹೊಲಕ್ಕೆ ಹೋಗಿಬಿಡುತ್ತಿದ್ದ.

ಮೊದಲು ಹೋದದ್ದು ದೊಡ್ಡಪ್ಪನ ಮನೆಯದು. ಅವರ ಹಿರಿಯ ಮಗಳನ್ನು ನೋಡಲು ಬೀಗರು ಬರುವವರಿದ್ದರು. ನೂಲು ಬಿಟ್ಟ ಕೌದಿ ಮಂಚದ ಮೇಲೆ ಕಾಣಬಾರದೆಂದು ದೊಡ್ಡವ್ವ ಅದಕ್ಕೆ ಕೆಂಪು ಅಂಚು ಕಟ್ಟಿಸಿದಳು, ಟೇಲರನ ಮಷೀನಿನಲ್ಲಿ, ಅಗದಿ ನೀಟಾಗಿ. ಅತ್ತೆಯ ಪಾಳಿ ಬಂದು ಹೋದಾಗ ನಾನೂ ಗಂಟು ಹಿಡಿದುಕೊಂಡು ಜೊತೆಗೆ ಹೋಗಿದ್ದೆ. ಅವಳು ಕೆಂಪು ಅಂಚನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಮುಟ್ಟಿ ನೋಡಿದಳು. "ಛಲೋ ಹೊಲದಾನ ಬಿಡ" ಎಂದಳು. ದೊಡ್ಡವ್ವನಿಗೆ ಆಗ ನೆನಪಾಯಿತೇನೋ, "ಅಯ್ಯ ಅಕ್ಕಾ, ನನಗ ಮರತ ಹೋತ್ರಿ" ಎಂದು ಮುಖ ಸಣ್ಣದು ಮಾಡಿದಳು. ಅತ್ತೆ ಜಗಳವಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಅಂದು ಅವಳು ಉಣ್ಣಲಿಲ್ಲ, ಹೊಟ್ಟೆ ಸರಿಯಿಲ್ಲವೆಂದಳು.

ಕಾಕಾನ ಮನೆಯದು ಇನ್ನೂ ಸುಲಭವಾಗಿ ಹೋಯಿತು. ಹಳೆ ಅರಿವೆ ತೆಗೆದುಕೊಂಡು ಸ್ಟೀಲಿನ ಪಾತ್ರೆ ಕೊಡುವವಳು ಓಣಿಗೆ ಬಂದಾಗ ಕಾಕಿ ಮನೆಯಲ್ಲಿದ್ದ ಚಿಂದಿಯೆಲ್ಲ ಗುಡ್ಡೆ ಹಾಕಿದಳು, ಅದರಲ್ಲಿ ಕೌದಿಯ ತುಂಡೂ ಇತ್ತು. ಬದಲಿಗೆ ಒಂದು ಒಳ್ಳೆಯ ಬೋಗುಣಿ ಬಂತು. ಕಾಕಿಯದು ಕೆಟ್ಟ ಮನಸ್ಸಲ್ಲ, ಆಕೆ ಅದನ್ನು ಖುಷಿಯಿಂದಲೇ ಅತ್ತೆಗೆ ತೋರಿಸಿದ್ದಳು. ಇದನ್ನು ಅತ್ತೆಯೇ ನಮ್ಮವ್ವನ ಮುಂದೆ ಹೇಳಿದಳು, ಹಿತ್ತಲಲ್ಲಿ ಹೆಸರುಕಾಯಿ ಬಿಡಿಸುತ್ತಾ. "ಬೋಗುಣಿ ಘಟ್ಟಿ ಐತಿ" ಎಂದಳು. ಇನ್ನೊಂದು ಕಾಯಿ ಬಿಡಿಸಿ, "ಹೊಸಾದು ತಂದು ಕೂಡಸೂಣು ತಗೊ. ಎರಡು ತುಂಡರ ಅದಾವಲ್ಲ" ಎಂದಳು. ಅಷ್ಟಾದರೂ ಬಿಡಲಿಲ್ಲ ನೋಡಿ ಆ ಹೆಂಗಸು.

ಕಣ್ಣು ಮಂಜಾದಮೇಲೆ ಅವಳು ಪಾಳಿಯ ತಿರುಗಾಟ ಬಿಟ್ಟು ನಮ್ಮಲ್ಲೇ ಉಳಿದಳು. ನಾನು ಆಗ ನರ್ಸಿಂಗ್ ಕಲಿಯಲು ಹುಬ್ಬಳ್ಳಿಯಲ್ಲಿದ್ದೆ, ರಜೆಗೆ ಬಂದಾಗಲೆಲ್ಲ ಅವಳು ಪಡಸಾಲೆಯ ಕಂಬಕ್ಕೆ ಒರಗಿ, ತೊಡೆಯ ಮೇಲೆ ನಡುವಿನ ತುಂಡನ್ನು ಇಟ್ಟುಕೊಂಡು ಕೂತಿರುತ್ತಿದ್ದಳು. ಅದಕ್ಕೆ ಕೊಯ್ದ ಅಂಚು ಎರಡೂ ಕಡೆ. ಎರಡೂ ಕಡೆ ನೂಲು ಬಿಟ್ಟು ಅದು ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಿತ್ತು. ಅವ್ವನಿಗೆ ತಡೆಯಲಾಗಲಿಲ್ಲ, "ಅಕ್ಕಾ, ನಾ ಮಡಚಿ ಹೊಲೀಲೇನ್ರಿ? ಇಲ್ಲಾಂದ್ರ ಪೂರಾ ಹೋಗತೈತ್ರಿ" ಎಂದು ಕೇಳಿದಳು. ಅತ್ತೆ ತುಂಡನ್ನು ತನ್ನ ಕಡೆ ಎಳೆದುಕೊಂಡು ಹೇಳಿದಳು, "ನಾ ಇರೂತನ ಬ್ಯಾಡ." ಆ ವರ್ಷದ ಮಳೆಗಾಲಕ್ಕೆ ಮುಂಚೆಯೇ ಹೋದಳು. ಮಣ್ಣಿಗೆ ಮೂವರು ತಮ್ಮಂದಿರೂ ಬಂದರು. ಒಬ್ಬರಾದಮೇಲೆ ಒಬ್ಬರು ಹಿಡಿಮಣ್ಣು ಹಾಕಿ, ಬೇರೆ ಬೇರೆ ಬೇವಿನ ಗಿಡದ ಕೆಳಗೆ ನಿಂತು, ಬೇರೆ ಬೇರೆ ದಾರಿ ಹಿಡಿದು ಹೋದರು. ನನಗೆ ಅಂದು ಅಳು ಬಂದದ್ದು ಅತ್ತೆಗಾಗಿ ಅಲ್ಲ.

ಅತ್ತೆ ಇರುವವರೆಗೆ ಬೇಡವೆಂದಿದ್ದಳು, ಹೋದಮೇಲೂ ಅವ್ವನಿಗೆ ಸೂಜಿ ಎತ್ತಲು ಮನಸ್ಸು ಬರಲಿಲ್ಲ. ಬೇವಿನ ಎಲೆ ಹಾಕಿ ಟ್ರಂಕಿನಲ್ಲಿಟ್ಟಳು. ದೊಡ್ಡಪ್ಪ ಹೋದ, ಅಪ್ಪ ಹೋದ, ಕಾಕಾ ಹೋದ. ಹೆಂಗಸರೂ ಹೋದರು, ಅವ್ವನ ಟ್ರಂಕು ನನ್ನಲ್ಲಿಗೆ ಬಂತು. ನಮ್ಮ ಪಾಲಿಗೆ ಬಂದ ಹಳೆಯ ಮನೆಯ ಮಾಳಿಗೆ ಕುಸಿದು, ಆ ಜಾಗದಲ್ಲಿ ಈಗ ಯಾರೋ ಗೊಬ್ಬರದ ಗೋದಾಮು ಕಟ್ಟಿದ್ದಾರೆ. ನಾವು ಮೂರೂ ಮನೆಯ ಮಕ್ಕಳು ಮದುವೆಗಳಲ್ಲಿ ಸಿಗುತ್ತೇವೆ. ಒಂದೇ ಸಾಲಿಗೆ ಉಣ್ಣುತ್ತೇವೆ, ಫೋಟೋಕ್ಕೆ ನಿಲ್ಲುತ್ತೇವೆ, ಫೋನಿನಲ್ಲಿ ಶುಭೋದಯದ ಹೂವಿನ ಚಿತ್ರ ಕಳಿಸಿಕೊಳ್ಳುತ್ತೇವೆ. ಯಾರಿಗೂ ಯಾರ ಮೇಲೂ ಸಿಟ್ಟಿಲ್ಲ. ಅತ್ತೆ ಇಳಿಯಲಿ ಎಂದು ಕಾದ ಸಿಟ್ಟು ಪೂರ್ತಿ ಇಳಿದುಹೋಗಿದೆ, ಅದರ ಜೊತೆಗೇ ಮಿಕ್ಕದ್ದೂ ಇಳಿದುಹೋಯಿತು. ದೊಡ್ಡಪ್ಪನ ಹೆಸರೆತ್ತಿದರೆ ಅಪ್ಪ ಉಣ್ಣುವುದನ್ನು ಬಿಟ್ಟು ಏಳುತ್ತಿದ್ದ. ನಮಗೆ ಯಾರ ಹೆಸರೆತ್ತಿದರೂ ಏನೂ ಆಗುವುದಿಲ್ಲ.

ಆದರೂ ಸೂಜಿ ಹಿಡಿಯುವ ಮೊದಲು ಈರಣ್ಣನಿಗೆ ಫೋನು ಮಾಡಿದೆ. ಅವನೀಗ ಅಣ್ಣಿಗೇರಿಯಲ್ಲಿ ಕಾಳುಕಡಿ ವ್ಯಾಪಾರ ಮಾಡುತ್ತಾನೆ. ಕೆಂಪು ಅಂಚಿನ ತುಂಡೊಂದು ನಿಮ್ಮಲ್ಲಿ ಇರಬೇಕಲ್ಲ ಎಂದು ಕೇಳಿದೆ. ಅದು ಸಿಕ್ಕರೆ ಏನು ಮಾಡುತ್ತಿದ್ದೆನೋ ನನಗೇ ಗೊತ್ತಿಲ್ಲ. ಕೆಂಪು ಅಂಚು ಬಿಚ್ಚಬಹುದಿತ್ತು, ಎರಡನ್ನೂ ಕೂಡಿಸಬಹುದಿತ್ತು, ಮಗಳಿಗೆ ಅಂಗಡಿಯದೇ ತಗೋ ಎನ್ನಬಹುದಿತ್ತು. ಅವನು ನೆನಪು ಮಾಡಿಕೊಂಡು ಹೇಳಿದ: "ಹಾಂ ಹಾಂ, ಆ ಕೌದಿ. ಅದು ಪೂರಾ ಜೀರ್ಣ ಆಗಿತ್ತ ನೋಡು ತಂಗಿ. ಟೆಂಪೋ ಒರಸಾಕ ಡ್ರೈವರಗ ಕೊಟ್ಟಿದ್ವಿ, ಭಾಳ ವರ್ಷ ಆತು. ಯಾಕ, ಏನ್ ಬೇಕಾಗಿತ್ತು?" ನಾನು ಏನೂ ಇಲ್ಲ, ಸುಮ್ಮನೆ ಎಂದೆ. "ನಿನಗ ನೆನಪೈತೇನು, ನೀ ಒದೀತಿದ್ದೀ" ಎಂದು ನಕ್ಕ. ನಾನೂ ನಕ್ಕೆ. ಮನೆಕಡೆ ಬಾ ಎಂದ, ಬರ್ತೀನಿ ಎಂದೆ.

ಮಧ್ಯಾಹ್ನ ಬೆಳಕು ಚೆನ್ನಾಗಿದ್ದಾಗ ಕಿಟಕಿಯ ಕೆಳಗೆ ಚಾಪೆ ಹಾಸಿ ಕೂತೆ. ಶೈಲಾ ಕಳಿಸಿದ ಅಳತೆಗಿಂತ ತುಂಡು ಉದ್ದವೇ ಇತ್ತು, ಮೇಜಿನ ಎರಡೂ ತುದಿಗೆ ಇಳಿಬಿಡಬಹುದಿತ್ತು. ಅಗಲದಲ್ಲಿ ಎರಡೂ ಕಡೆ ಒಂದೊಂದು ಬೆರಳು ಒಳಕ್ಕೆ ಮಡಚಿದರೆ ಮೇಜಿಗೆ ಒಪ್ಪುತ್ತಿತ್ತು. ಮೇಲಿನ ಪದರ ಎಷ್ಟೋ ಕಡೆ ಸವೆದು ಅಡಿಯ ಅರಿವೆ ಕಾಣುತ್ತಿತ್ತು, ಒಂದು ಕಡೆ ಕಾಕಾನ ಧೋತರ, ಅದರ ಮೇಲೆ ಅವನ ಹೆಂಡತಿಯ ಸೊಟ್ಟ ಹೊಲಿಗೆ. ಹಾಗೇ ಮಡಚಲು ಹೋದರೆ ಅಂಚು ಕೂಡಲಿಲ್ಲ, ಗಂಟುಗಂಟಾಗಿ ಎದ್ದಿತು. ಅತ್ತೆಯ ಬಿಳಿ ದಾರ ಅಡ್ಡ ಬರುತ್ತಿತ್ತು. ಅದನ್ನು ತೆಗೆಯದೆ ಕೆಲಸ ಮುಂದೆ ಹೋಗುವ ಹಾಗಿರಲಿಲ್ಲ.

ಬಹಳ ಹೊತ್ತು ಅದನ್ನು ಬೆರಳಲ್ಲಿ ಹಿಡಿದು ಕೂತಿದ್ದೆ. ಗಟ್ಟಿಯಾಗಿ ಅಂಟಿಕೊಂಡಿರಬಹುದು, ಕತ್ತರಿಯಿಂದ ಅಲ್ಲಲ್ಲಿ ಕತ್ತರಿಸಿ ಕೀಳಬೇಕಾದೀತು ಎಂದುಕೊಂಡಿದ್ದೆ. ಗಂಟು ಬಿಚ್ಚಿ ಮೆಲ್ಲಗೆ ಎಳೆದೆ. ಎಲ್ಲೂ ತಡೆಯದೆ, ಹರಿಯದೆ, ಈ ತುದಿಯಿಂದ ಆ ತುದಿಯವರೆಗೆ ಒಂದೇ ಎಳೆಯಾಗಿ ಬಂದುಬಿಟ್ಟಿತು. ಬೇಗ ತೆಗೆಯುವುದಿದೆ ಎಂದೇ ಅವಳು ಹಾಕಿದ ಹೊಲಿಗೆ ಅದು. ಇನ್ನೊಂದು ಕಡೆಯದೂ ಹಾಗೇ ಬಂತು. ಅಷ್ಟು ಸಲೀಸಾಗಿ ಬಂದದ್ದಕ್ಕೆ ನನ್ನ ಎದೆ ಒಡೆಯಿತು. ಕಣ್ಣೊರೆಸಿಕೊಂಡು, ಸೂಜಿಗೆ ದಾರ ಪೋಣಿಸಲು ಬಾರದೆ ಬಾರದೆ ಪೋಣಿಸಿ, ಅಂಚು ಮಡಚಿ ಸಣ್ಣ ಸಣ್ಣದಾಗಿ ಪಕ್ಕಾ ಹೊಲಿಗೆ ಹಾಕುತ್ತಾ ಹೋದೆ. ಬಿಸಿಲು ಕಿಟಕಿಯಿಂದ ಸರಿದು ಗೋಡೆಗೆ ಹೋಯಿತು. ಕೊನೆಯ ಮೂಲೆಗೆ ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿದು, ಅವಳು ಎದುರಿಗೇ ಕೂತಿದ್ದಾಳೆಂಬಂತೆ ಹೇಳಿದೆ:

"ಇನ್ನ ಯಾರೂ ಬರೂದಿಲ್ಲಬೇ ಅತ್ತಿ. ಕಾದದ್ದು ಸಾಕಾತು, ನೀ ಏಳು."